ತೂಬಿನ ಕಲ್ಲಿಗೆ ಬಡಿದ ಮೋಟರ್: ಒಂದು ಪ್ರಕರಣ

ಬೆಂಗಳೂರಿನ ಉತ್ತರದ ಕಡೆಯ ಒಂದು ಕೆರೆ. ಅಲ್ಲಿ ಅಂತರಗಂಗೆ, ಜೊಂಡು ತೆಗೆಯುವ ಗುತ್ತಿಗೆದಾರರ ಒಂದು ಫೈಬರ್ ಬೋಟ್. ಅದಕ್ಕೆ 9.9 ಎಚ್‌ಪಿಯ ಔಟ್‌ಬೋರ್ಡ್ ಮೋಟರ್ (ಬೋಟಿನ ಹಿಂದಿನ ಹಲಗೆಗೆ ಹೊರಗಿನಿಂದ ತಗಲಿಸುವಂಥದ್ದು), ಟೂ ಸ್ಟ್ರೋಕ್, ಎರಡು ಸಿಲಿಂಡರ್. ಮಳೆ ಬಂದು ನೀರು ಏರಿದ್ದ ಒಂದು ಬೆಳಿಗ್ಗೆ ಈ ಮೋಟರ್ ನೀರೊಳಗಿದ್ದ ಕಲ್ಲಿಗೆ ಬಡಿಯಿತು.

ಕಣ್ಣಿಗೆ ಕಂಡ ಪೆಟ್ಟು ದೊಡ್ಡದೇನಲ್ಲ. ಪ್ರೊಪೆಲ್ಲರಿನ ಒಂದು ರೆಕ್ಕೆಯ ತುದಿ ಮಡಚಿತ್ತು. ಕೆಳಗಿನ ಸ್ಕೆಗ್, ಅಂದರೆ ಪ್ರೊಪೆಲ್ಲರಿಗಿಂತ ಕೆಳಗೆ ಇಳಿಬಿದ್ದಿರುವ ಅಲ್ಯೂಮಿನಿಯಂ ಈಜುರೆಕ್ಕೆ, ತುದಿಯಲ್ಲಿ ಮುರಿದಿತ್ತು. ಬೇರೆ ಪ್ರೊಪೆಲ್ಲರ್ ಹಾಕಿ ಕೆಲಸ ಮುಂದುವರಿಸಿದರು. ಕೊನೆಗೆ ಮೋಟರ್ ನಮ್ಮ ಶೆಡ್ಡಿಗೆ ಬರುವ ಹೊತ್ತಿಗೆ ಗೇರ್ ಆಯಿಲಿನಲ್ಲಿ ನೀರು ಸೇರಿತ್ತು, ಪ್ರೊಪೆಲ್ಲರ್ ಶಾಫ್ಟ್ ಬಗ್ಗಿತ್ತು, ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಆಗುವ ಹೊತ್ತು, ತಪ್ಪಿತ್ತು. ಎಲ್ಲರೂ ಕಲ್ಲನ್ನೇ ಬೈದರು. ನನ್ನ ಲೆಕ್ಕದಲ್ಲಿ ಕಲ್ಲಿನ ಪಾಲು ಅರ್ಧ ಮಾತ್ರ. ಇನ್ನರ್ಧ ಮೂರು ಸ್ಕ್ರೂಗಳದ್ದು.

ಆ ಬೆಳಿಗ್ಗೆ

ಕಳೆಯ ದಿಂಡಿಗೆ ಹಗ್ಗ ಸುತ್ತಿ, ಬೋಟಿನಿಂದ ದಡಕ್ಕೆ ಎಳೆದು ತರುವುದು ಇವರ ಕೆಲಸ. ದಡದಲ್ಲಿ ಜೆಸಿಬಿ ಅದನ್ನು ಎತ್ತಿ ಹಾಕುತ್ತದೆ. ಎಳೆಯುವಾಗ ವೇಗ ಮನುಷ್ಯನ ನಡಿಗೆಗಿಂತ ಕಡಿಮೆ. ವಾಪಸ್ ಹೋಗುವಾಗ ಬೋಟ್ ಖಾಲಿ. ಆಗ ಯಾರಾದರೂ ಥ್ರಾಟಲ್ ಪೂರ್ತಿ ತಿರುವುತ್ತಾರೆ. ಪೆಟ್ಟು ಬಿದ್ದದ್ದು ಹಾಗೆ ವಾಪಸ್ ಹೋಗುವಾಗ, ಏರಿಗೆ ಹತ್ತಿರದಲ್ಲಿ, ಕಳೆ ಇಲ್ಲದ ತಿಳಿ ಜಾಗದಲ್ಲಿ.

ಬೋಟ್ ನಡೆಸುವವರು ರಾಯಚೂರು ಕಡೆಯವರು. ಅವರು ಹೇಳಿದ್ದು ಇಷ್ಟು: "ಕಲ್ಲಿಗೆ ಬಡೀತ್ರಿ ಸರ. ಎಂಜಿನ್ ಮ್ಯಾಲೆ ಎದ್ದು ಧಪ್ ಅಂತ ಬಿತ್ತು. ಬಂದ್ ಆತು." ಮುಂದೆ ಕೂತಿದ್ದ ಹುಡುಗ ಮುಗ್ಗರಿಸಿ ಬಿದ್ದು ಮೊಣಕಾಲು ತರಚಿಕೊಂಡ. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದರು. ಇದು ಬರೆಯಲೇಬೇಕಾದ ಮಾತು, ಯಾಕೆಂದರೆ ನಮ್ಮ ಕೆರೆಗಳಲ್ಲಿ ಅದನ್ನು ಸೀಟಿನ ಕೆಳಗೆ ತುರುಕಿ ಇಟ್ಟಿರುವುದೇ ಜಾಸ್ತಿ.

ಮೋಟರ್ ಮೇಲೆದ್ದದ್ದು ಒಳ್ಳೆಯದೇ ಆಯಿತು. ಕೈಯಿಂದ ಎತ್ತುವ ಇಂಥ ಚಿಕ್ಕ ಮೋಟರಿನಲ್ಲಿ ಟಿಲ್ಟ್ ಲಾಕ್, ಅಂದರೆ ಮೋಟರ್ ಮೇಲೇಳದಂತೆ ಹಿಡಿಯುವ ಕೊಕ್ಕೆ, ರಿವರ್ಸ್ ಗೇರಿನಲ್ಲಿ ಮಾತ್ರ ಹಿಡಿದುಕೊಳ್ಳುತ್ತದೆ. ಮುಂದಕ್ಕೆ ಹೋಗುವಾಗ ಏನಾದರೂ ತಾಗಿದರೆ ಮೋಟರ್ ಹಿಂದಕ್ಕೆ ಮೇಲೆದ್ದು ದಾಟಿಕೊಳ್ಳಲಿ ಅಂತಲೇ ಹಾಗೆ ಮಾಡಿರುವುದು. ಕಳೆಯಲ್ಲಿ ಮೋಟರ್ ಪದೇ ಪದೇ ಏಳುತ್ತದೆ ಅಂತ ಕೆಲವರು ಅದನ್ನು ಹಗ್ಗದಿಂದ ಕೆಳಗೆ ಬಿಗಿದು ಕಟ್ಟುತ್ತಾರೆ. ಇಲ್ಲಿ ಪುಣ್ಯಕ್ಕೆ ಯಾರೂ ಕಟ್ಟಿರಲಿಲ್ಲ. ಕಟ್ಟಿದ್ದರೆ ಬೋಟಿನ ಹಿಂದಿನ ಹಲಗೆಯೇ ಕಿತ್ತು ಬರುತ್ತಿತ್ತೇನೋ.

ಆಮೇಲೆ ಅವರು ಮಾಡಿದ್ದರಲ್ಲಿ ಬಹುಪಾಲು ಸರಿ. ಮೊದಲು ಹುಡುಗನನ್ನು ನೋಡಿದರು. ಬೋಟಿನ ತಳದಲ್ಲಿ ನೀರು ಬರುತ್ತಿದೆಯಾ ಅಂತ ನೋಡಿದರು. ಕಿಲ್ ಸ್ವಿಚ್ಚಿನ ದಾರ ಕಿತ್ತು, ಗೇರನ್ನು ನ್ಯೂಟ್ರಲ್‌ಗೆ ತಂದು, ಮೋಟರ್ ಎತ್ತಿ ನೋಡಿದರು. ಪ್ರೊಪೆಲ್ಲರಿಗೆ ಕೈ ಹಾಕುವ ಮುಂಚೆ ಈ ದಾರ ತೆಗೆಯುವುದು ಮುಖ್ಯ. ಪ್ಲಗ್ ಕ್ಯಾಪನ್ನೂ ಕಿತ್ತರೆ ಇನ್ನೂ ವಾಸಿ. ಕೈಯಿಂದ ತಿರುಗಿಸಿದರೆ ಪ್ರೊಪೆಲ್ಲರ್ ತಿರುಗಿತು. ಮಡಚಿದ ರೆಕ್ಕೆ ಎಲ್ಲೂ ತಾಗುತ್ತಿರಲಿಲ್ಲ.

ಆಮೇಲೆ ಮೋಟರ್ ಇಳಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಹಗ್ಗ ಪಟ್ ಅಂತ ವಾಪಸ್ ಎಳೆದುಕೊಂಡು ಬೆರಳಿಗೆ ಏಟು ಬಿತ್ತು. ಇನ್ನೆರಡು ಸಲ ಎಳೆದ ಮೇಲೆ ಸ್ಟಾರ್ಟ್ ಆಯಿತು. ಕೂಲಿಂಗ್ ನೀರು ಹಿಂದಿನ ತೂತಿನಿಂದ ಚಿಮ್ಮುತ್ತಿತ್ತು. ನಿಧಾನಕ್ಕೆ ದಡಕ್ಕೆ ಬಂದರು. ಮೋಟರಿನ ಹಿಡಿಕೆ (ಟಿಲ್ಲರ್) ಹಿಡಿದ ಕೈ ಜುಮ್ ಅನ್ನುವಷ್ಟು ನಡುಕ ಇತ್ತಂತೆ.

ಆ ಹಗ್ಗ ವಾಪಸ್ ಎಳೆದುಕೊಂಡದ್ದನ್ನು ಯಾರಾದರೂ ಅವತ್ತೇ ತಲೆಗೆ ಹಾಕಿಕೊಂಡಿದ್ದರೆ ಈ ಪ್ರಕರಣ ಇಷ್ಟು ಉದ್ದ ಆಗುತ್ತಿರಲಿಲ್ಲ.

ಸೈಟಿನಲ್ಲೇ ನಡೆದ ರಿಪೇರಿ

ಸೂಪರ್‌ವೈಸರ್ ಸ್ಪೇರ್ ಪ್ರೊಪೆಲ್ಲರ್ ತೆಗೆದು ಹಾಕಿಸಿದರು. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸ್ಟಾರ್ಟಿಂಗ್ ತೊಂದರೆ ಹಾಗೇ ಇತ್ತು. ಹತ್ತಿರದ ಟೂವೀಲರ್ ಮೆಕ್ಯಾನಿಕ್ ಬಂದು ಪ್ಲಗ್ ಬದಲಿಸಿದರು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಪೆಟ್ರೋಲಿನಲ್ಲಿ ನೀರಿದೆ ಅಂತ ಟ್ಯಾಂಕ್ ಖಾಲಿ ಮಾಡಿಸಿದರು. ಏನೂ ಫರಕಾಗಲಿಲ್ಲ. ಕೆಲಸ ನಿಲ್ಲಿಸಲು ಆಗುವುದಿಲ್ಲವಲ್ಲ, ಹಾಗೇ ಓಡಿಸಿದರು.

ಒಂದು ಬೆಳಿಗ್ಗೆ ಬೋಟ್ ಕಟ್ಟಿದ್ದ ಕಡೆ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ ತೇಲುತ್ತಿತ್ತು. ಮೋಟರಿನ ಸುತ್ತಲೇ. ಬೋಟ್ ನಡೆಸುವವರು ಅದನ್ನು ನೋಡಿ, ಇನ್ನು ಓಡಿಸಲ್ಲ ಅಂತ ನಿಲ್ಲಿಸಿದರು. ಅದು ಅವರ ಜಾಣತನ. ಇಂಥ ಮೋಟರಿನ ತಳದಲ್ಲಿ ಗೇರುಗಳನ್ನು ಮುಚ್ಚಿರುವ ಗೇರ್‌ಕೇಸಿನಲ್ಲಿ ಇರುವುದೇ ಕಾಲು ಲೀಟರ್ ಆಸುಪಾಸು ಎಣ್ಣೆ. ಅದು ಹೊರಗೆ ಬರುತ್ತಿದೆ ಅಂದರೆ ಅದೇ ದಾರಿಯಲ್ಲಿ ನೀರು ಒಳಗೆ ಹೋಗುತ್ತಿದೆ. ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗುಗಳು ಬಹಳ ದಿನ ಬಾಳುವುದಿಲ್ಲ.

ಗುತ್ತಿಗೆದಾರರಿಗೆ ಅಷ್ಟರಲ್ಲಿ ಎರಡು ಸಲಹೆ ಸಿಕ್ಕಿದ್ದವು. ಒಬ್ಬರು, ಕೆಳಗಿನ ಯೂನಿಟ್ ಪೂರ್ತಿ ಬದಲಿಸಿ ಅಂದಿದ್ದರು. ಇನ್ನೊಬ್ಬರು, ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಸೀಲ್ ಒಂದು ಹಾಕಿದರೆ ಮುಗೀತು ಅಂದಿದ್ದರು. ಎರಡನ್ನೂ ಹೇಳಿದವರು ಮೋಟರನ್ನು ಬಿಚ್ಚಿ ನೋಡಿರಲಿಲ್ಲ.

ಪೆಟ್ಟು ಹೋದ ದಾರಿ

ನಾನು ಇಂಥ ಕೆಲಸದಲ್ಲಿ ಮುರಿದ ಭಾಗದಿಂದ ಶುರು ಮಾಡುವುದಿಲ್ಲ. ಪೆಟ್ಟು ಎಲ್ಲಿಂದ ಹೊಕ್ಕು ಎಲ್ಲಿಗೆ ಹೋಯಿತು ಅಂತ ದಾರಿ ಹಿಡಿಯುತ್ತೇನೆ. ಔಟ್‌ಬೋರ್ಡಿನಲ್ಲಿ ಈ ದಾರಿ ಎರಡು.

ಒಂದು ತಿರುಗುವ ದಾರಿ. ಪ್ರೊಪೆಲ್ಲರ್, ಅದರ ನಡುವಿನ ರಬ್ಬರ್ ಹಬ್, ಪ್ರೊಪೆಲ್ಲರ್ ಶಾಫ್ಟ್, ಗೇರುಗಳು, ನಿಂತಿರುವ ಡ್ರೈವ್ ಶಾಫ್ಟ್, ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್), ತುದಿಯಲ್ಲಿ ಭಾರದ ಚಕ್ರ ಫ್ಲೈವೀಲ್. ಇನ್ನೊಂದು ತಿರುಗದ ದಾರಿ. ಸ್ಕೆಗ್, ಗೇರ್‌ಕೇಸ್, ಮಧ್ಯದ ಕಂಬ, ತಿರುಗುವ ಬ್ರ್ಯಾಕೆಟ್, ಕ್ಲಾಂಪ್, ಕೊನೆಗೆ ಬೋಟಿನ ಹಿಂದಿನ ಹಲಗೆ. ಕಲ್ಲು ಸ್ಕೆಗ್ಗಿಗೂ ತಾಗಿತ್ತು, ಪ್ರೊಪೆಲ್ಲರಿಗೂ ತಾಗಿತ್ತು. ಹಾಗಾಗಿ ಎರಡೂ ದಾರಿ ನೋಡಬೇಕು.

ತಿರುಗದ ದಾರಿ ಬೇಗ ಮುಗಿಯಿತು. ಕ್ಲಾಂಪ್ ಸ್ಕ್ರೂ ಹಲಗೆಯಲ್ಲಿ ಸ್ವಲ್ಪ ಇಳಿದಿತ್ತು, ಅಷ್ಟೆ. ಫೈಬರಿನ ಹಲಗೆಯನ್ನು ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ ನೋಡಿದರೆ ಎಲ್ಲ ಕಡೆ ಒಂದೇ ಗಟ್ಟಿ ಸದ್ದು. ಒಳಗಿನ ಪ್ಲೈವುಡ್ ಬಿಟ್ಟುಕೊಂಡಿದ್ದರೆ ಅಲ್ಲಿ ಸದ್ದು ಪೊಳ್ಳಾಗುತ್ತದೆ. ಗೇರ್‌ಕೇಸಿನಲ್ಲಿ ಬಿರುಕು ಇದೆಯಾ ಅಂತ ನೋಡಲು ನಮ್ಮ ಹಳೇ ಉಪಾಯ: ಚೆನ್ನಾಗಿ ತೊಳೆದು ಸೀಮೆಎಣ್ಣೆ ಸವರಿ, ಒರೆಸಿ ಒಣಗಿಸಿ, ಮೇಲೆ ಚಾಕ್ ಪುಡಿ ಉದುರಿಸುವುದು. ಬಿರುಕಿದ್ದರೆ ಒಳಗೆ ಕೂತ ಸೀಮೆಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಸ್ಕೆಗ್ಗಿನ ಬುಡದಲ್ಲಿ ಗೆರೆ ಮೂಡಲಿಲ್ಲ. ತುದಿ ಮುರಿದು ಬುಡ ಉಳಿದದ್ದು ಒಳ್ಳೆಯ ಲಕ್ಷಣ.

ತಿರುಗುವ ದಾರಿಯಲ್ಲೇ ಕಥೆ ಇದ್ದದ್ದು.

ಹಳೇ ಪ್ರೊಪೆಲ್ಲರ್ ಎಲ್ಲಿ?

ಗೇರ್‌ಕೇಸ್ ಬಿಚ್ಚುವ ಮುಂಚೆ ನಾನು ಕೇಳಿದ್ದು ಪೆಟ್ಟು ತಿಂದ ಪ್ರೊಪೆಲ್ಲರನ್ನು. ಅದು ಸೈಟಿನ ಶೆಡ್ಡಿನಲ್ಲಿ ಗುಜರಿಗೆ ಕೊಡಲು ಇಟ್ಟಿದ್ದ ಸಾಮಾನಿನ ಜೊತೆ ಬಿದ್ದಿತ್ತು. ತರಿಸಿ ನೋಡಿದೆ.

ಇಂಥ ಪ್ರೊಪೆಲ್ಲರಿನ ನಡುವೆ ಒಂದು ಹಿತ್ತಾಳೆಯ ಬುಷ್ ಇರುತ್ತದೆ. ಅದು ಶಾಫ್ಟಿನ ಹಲ್ಲುಗಳ ಮೇಲೆ ಕೂರುತ್ತದೆ. ಬುಷ್‌ಗೂ ಹೊರಗಿನ ಅಲ್ಯೂಮಿನಿಯಂ ಭಾಗಕ್ಕೂ ನಡುವೆ ಬಿಗಿಯಾಗಿ ಒತ್ತಿ ಕೂರಿಸಿದ ರಬ್ಬರ್. ಎಂಜಿನ್ನಿನ ಬಲ ರೆಕ್ಕೆಗಳಿಗೆ ಹೋಗುವುದು ಈ ರಬ್ಬರಿನ ಹಿಡಿತದಿಂದ. ರೆಕ್ಕೆ ಗಟ್ಟಿಯಾಗಿ ಎಲ್ಲಾದರೂ ಬಡಿದರೆ ರಬ್ಬರ್ ಜಾರುತ್ತದೆ, ಒಳಗಿನ ಗೇರ್, ಶಾಫ್ಟ್ ಉಳಿಯುತ್ತವೆ. ಇನ್ನೂ ಚಿಕ್ಕ ಮೋಟರುಗಳಲ್ಲಿ ರಬ್ಬರಿನ ಬದಲು ಶಿಯರ್ ಪಿನ್ ಇರುತ್ತದೆ. ಪೆಟ್ಟು ಬಿದ್ದರೆ ಅದು ತುಂಡಾಗುತ್ತದೆ, ಬೇರೆ ಪಿನ್ ಹಾಕಿಕೊಂಡು ಬರಬಹುದು. ಪಿನ್ ಇಲ್ಲ ಅಂತ ಅದೇ ದಪ್ಪದ ಮೊಳೆ ಹಾಕುವವರೂ ಇದ್ದಾರೆ.

ಈ ಪ್ರೊಪೆಲ್ಲರಿನ ಹಬ್ಬನ್ನು ಒರೆಸಿದಾಗ ಮೊದಲು ಏನೂ ಕಾಣಲಿಲ್ಲ. ಕಪ್ಪು ಪೇಂಟ್ ಬಳಿದಿದ್ದರು. ಥಿನ್ನರ್ ಹಾಕಿ ಉಜ್ಜಿದ ಮೇಲೆ ರಬ್ಬರಿನ ಸುತ್ತ ಮೂರು ಕಡೆ ಹೊಳೆಯುವ ಗುಂಡು ಚುಕ್ಕೆಗಳು ಕಂಡವು. ಸ್ಟೀಲ್ ಸ್ಕ್ರೂ. ಅಲ್ಯೂಮಿನಿಯಂ, ರಬ್ಬರ್, ಹಿತ್ತಾಳೆ ಮೂರನ್ನೂ ಸೇರಿಸಿ ಡ್ರಿಲ್ ಹೊಡೆದು, ಸ್ಕ್ರೂ ಇಳಿಸಿ, ತಲೆಯನ್ನು ಗ್ರೈಂಡರಿನಲ್ಲಿ ಸಮ ಮಾಡಿ, ಪೇಂಟ್ ಬಳಿದಿದ್ದರು. ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಿಕೊಳ್ಳಲೇಬೇಕು.

ಕೇಳಿದಾಗ ಗೊತ್ತಾಯಿತು. ಹಿಂದಿನ ವರ್ಷ ಕಳೆಯ ದಿಂಡು ಎಳೆಯುವಾಗ ಎಂಜಿನ್ ಕೂಗುತ್ತದೆ, ಬೋಟ್ ಮುಂದೆ ಹೋಗಲ್ಲ ಅನ್ನುವ ತೊಂದರೆ ಬಂದಿತ್ತು. ಅದು ರಬ್ಬರ್ ಸವೆದು ಜಾರುತ್ತಿದ್ದ ಲಕ್ಷಣ. ಹೊಸ ಹಬ್ ಬೆಂಗಳೂರಿನಲ್ಲಿ ಕೂಡಲೇ ಸಿಗಲಿಲ್ಲ. ಮಂಗಳೂರು, ಮಲ್ಪೆ ಕಡೆ ಔಟ್‌ಬೋರ್ಡ್ ಸಾಮಾನು ಸುಲಭವಾಗಿ ಸಿಗುತ್ತದೆ, ಇಲ್ಲಿ ತರಿಸಬೇಕು. ಕಾಯುವ ತಾಳ್ಮೆ ಇಲ್ಲದೆ ಯಾರೋ ಸ್ಕ್ರೂ ಹೊಡೆದು ಕೊಟ್ಟಿದ್ದರು. ಬೋಟ್ ಮತ್ತೆ ಎಳೆಯಿತು, ಎಲ್ಲರಿಗೂ ಖುಷಿ. ಕುಕ್ಕರಿನ ಸೇಫ್ಟಿ ವಾಲ್ವ್ ಹೋಯಿತು ಅಂತ ಆ ತೂತಿಗೆ ಬೋಲ್ಟ್ ಬಿಗಿದು ಅಡುಗೆ ಮಾಡಿದ ಹಾಗೆ ಇದು. ಅಡುಗೆ ಆಗುತ್ತದೆ, ಅಲ್ವಾ?

ಕಲ್ಲು ಬಡಿದಾಗ ಜಾರಬೇಕಿದ್ದ ರಬ್ಬರ್ ಜಾರಲಿಲ್ಲ. ಸ್ಕ್ರೂ ಹಿಡಿದುಕೊಂಡವು. ಪ್ರೊಪೆಲ್ಲರಿನ ಜೊತೆ ಶಾಫ್ಟ್, ಗೇರ್, ಕ್ರ್ಯಾಂಕ್ ಎಲ್ಲವೂ ಒಂದೇ ಏಟಿಗೆ ನಿಂತವು. ಇನ್ನು ಒಳಗೆ ಏನೇನು ನೋಡಬೇಕು ಅನ್ನುವುದು ಆ ಮೂರು ಚುಕ್ಕೆ ನೋಡಿದಾಗಲೇ ಸ್ಪಷ್ಟವಾಯಿತು. ಸ್ಪೇರ್ ಪ್ರೊಪೆಲ್ಲರಿನ ಹಬ್ ಒರಿಜಿನಲ್, ಚೆನ್ನಾಗಿತ್ತು. ಅದನ್ನು ಉಳಿಸಿಕೊಂಡೆವು.

ಗೇರ್‌ಕೇಸ್

ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ, ಆಮೇಲೆ ಮೇಲಿನ ಪ್ಲಗ್ ಬಿಚ್ಚಿ, ಎಣ್ಣೆಯನ್ನು ಗಾಜಿನ ಬಾಟಲಿಗೆ ಇಳಿಸಿದೆ. ಮೊದಲು ಸ್ವಲ್ಪ ಬರೀ ನೀರು ಬಂತು, ಆಮೇಲೆ ಹಾಲು ಬಣ್ಣಕ್ಕೆ ತಿರುಗಿದ ಎಣ್ಣೆ. ಪ್ಲಗ್ಗಿನ ತುದಿಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್. ಅದು ಮಾಮೂಲಿ ಸವೆತ, ಹೆದರಬೇಕಿಲ್ಲ. ಆದರೆ ಅದರೊಳಗೆ ಉಗುರಿನ ತುದಿಯಷ್ಟು ಚೂಪಾದ ಒಂದು ಚೂರು ಇತ್ತು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬಿಚ್ಚಲೇಬೇಕು.

ಬಿಚ್ಚುವ ಮುಂಚೆ ಒಂದು ಪರೀಕ್ಷೆ ಇದೆ. ಇದನ್ನು ಬಿಟ್ಟು ನೇರವಾಗಿ ಸೀಲ್ ಬದಲಿಸುವವರೇ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಲಿನ ಪ್ಲಗ್ಗಿನ ಜಾಗಕ್ಕೆ ಅಡಾಪ್ಟರ್ ಹಾಕಿ, ಕೈಪಂಪಿನಿಂದ ಒಳಗೆ 10 ಪಿಎಸ್‌ಐ ಆಸುಪಾಸು ಗಾಳಿ ತುಂಬಿ, ಇಡೀ ಗೇರ್‌ಕೇಸನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು. ಸುಮ್ನೆ ಇಟ್ಟಾಗ ಗುಳ್ಳೆ ಬರಲಿಲ್ಲ. ಮೀಟರಿನ ಮುಳ್ಳೂ ಇಳಿಯಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಸೀಲ್ ಚೆನ್ನಾಗಿದೆ ಅಂತಲೇ ಅನ್ನಿಸುತ್ತಿತ್ತು. ನೀರೊಳಗೆ ಕೈ ಹಾಕಿ ಪ್ರೊಪೆಲ್ಲರ್ ಶಾಫ್ಟನ್ನು ನಿಧಾನಕ್ಕೆ ತಿರುಗಿಸಿದೆ. ಒಂದು ಕಡೆ ಬಂದಾಗ ಸೀಲಿನ ಅಂಚಿನಿಂದ ಒಂದು ಗುಳ್ಳೆ. ಇನ್ನೊಂದು ಸುತ್ತು. ಮತ್ತೆ ಅದೇ ಜಾಗದಲ್ಲಿ ಒಂದು ಗುಳ್ಳೆ.

ಸೀಲ್ ಹರಿದಿದ್ದರೆ ಗುಳ್ಳೆ ಶಾಫ್ಟ್ ಹೇಗಿದ್ದರೂ ಬರುತ್ತದೆ. ಮೀನು ಹಿಡಿಯುವವರ ನೈಲಾನ್ ದಾರ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲ್ ಕತ್ತರಿಸುವುದು ನಮ್ಮ ಕೆರೆಗಳಲ್ಲಿ ಮಾಮೂಲಿ, ಅಂಥದರಲ್ಲಿ ಹಾಗೇ ಆಗುತ್ತದೆ. ಇಲ್ಲಿ ಒಂದು ಸುತ್ತಿಗೆ ಒಂದೇ ಜಾಗದಲ್ಲಿ ಗುಳ್ಳೆ ಬರುತ್ತಿತ್ತು. ಅಂದರೆ ಶಾಫ್ಟ್ ಬಗ್ಗಿದೆ, ತಿರುಗುವಾಗ ಸೀಲಿನ ತುಟಿಯನ್ನು ಒಂದು ಕಡೆಗೆ ತಳ್ಳುತ್ತಿದೆ. ಹೊಸ ಸೀಲ್ ಹಾಕಿದರೂ ಅದೇ ಗತಿ. "ಸೀಲ್ ಒಂದು ಹಾಕಿ" ಅಂದವರ ಸಲಹೆ ಅಲ್ಲಿಗೆ ಮುಗಿಯಿತು.

ಶಾಫ್ಟನ್ನು ಪೀಣ್ಯದ ಒಂದು ಲೇತ್ ಅಂಗಡಿಗೆ ಒಯ್ದು ವಿ-ಬ್ಲಾಕ್ ಮೇಲಿಟ್ಟು ಎಷ್ಟು ಬಗ್ಗಿದೆ ಅಂತ ಡಯಲ್ ಗೇಜ್ ಹಿಡಿಸಿ ನೋಡಿದೆವು. ಮ್ಯಾನ್ಯುಯಲ್ ಒಪ್ಪುವ ಮಿತಿಗಿಂತ ಎಷ್ಟೋ ಜಾಸ್ತಿ. ಲೇತ್ ಅಂಗಡಿಯ ಯಜಮಾನರು, "ಪ್ರೆಸ್ಸಲ್ಲಿಟ್ಟು ನೆಟ್ಟಗೆ ಮಾಡ್ಕೊಡ್ತೀನಿ ಬನ್ನಿ" ಅಂದರು. ಅವರಿಗೆ ಕೈಚಳಕ ಇದೆ, ಮಾಡುತ್ತಿದ್ದರು ಕೂಡ. ಆದರೆ ಗಟ್ಟಿ ಮಾಡಿದ ಸ್ಟೀಲ್ ಶಾಫ್ಟನ್ನು ಬಗ್ಗಿಸಿ ನೆಟ್ಟಗೆ ಮಾಡಿದರೆ ಒಳಗೆ ಕೂದಲೆಳೆಯ ಬಿರುಕು ಕೂರಬಹುದು. ಅದು ಕೆರೆಯ ಮಧ್ಯದಲ್ಲಿ ತುಂಡಾಗುವುದಕ್ಕಿಂತ ಹೊಸದು ತರಿಸುವುದೇ ಮೇಲು. ಮಂಗಳೂರಿನಿಂದ ತರಿಸಿದೆವು. ಬೇರಿಂಗ್ ಮಾತ್ರ ನಂಬರ್ ನೋಡಿ ಎಸ್‌ಜೆಪಿ ರಸ್ತೆಯಲ್ಲೇ ಸಿಕ್ಕಿತು.

ಆ ಚೂಪಾದ ಚೂರು ಎಲ್ಲಿಂದ ಬಂತು? ಗೇರುಗಳನ್ನು ತೊಳೆದು ಟಾರ್ಚ್ ಹಿಡಿದು ಒಂದೊಂದೇ ಹಲ್ಲು ನೋಡಿದೆ. ಹಲ್ಲುಗಳು ಸರಿಯಾಗಿದ್ದವು. ಗೇರ್ ಹಾಕಿದಾಗ ಕಚ್ಚಿಕೊಳ್ಳುವ ಡಾಗ್ ಕ್ಲಚ್ಚಿನ ಮೂಲೆಗಳಲ್ಲಿ ಎರಡು ಬಗೆಯ ಗಾಯ ಇತ್ತು. ಎರಡು ಮೂಲೆ ಸವೆದು ಗುಂಡಗಾಗಿ, ಕಪ್ಪಾಗಿ, ನುಣ್ಣಗಾಗಿದ್ದವು. ಅದು ಹಳೇದು. ಗೇರನ್ನು ಹೆದರಿ ಹೆದರಿ ನಿಧಾನಕ್ಕೆ ಹಾಕುವವರ ಕೈಯಲ್ಲಿ ಹಾಗಾಗುತ್ತದೆ. ಎಂಜಿನ್ ಐಡಲಿನಲ್ಲಿದ್ದಾಗ ಒಂದೇ ಸಲಕ್ಕೆ ಟಕ್ ಅಂತ ಹಾಕಬೇಕು. ಇನ್ನೊಂದು ಮೂಲೆಯಲ್ಲಿ ಮುರಿದ ಜಾಗ ತಿಳಿ ಬೂದು ಬಣ್ಣ, ಸಕ್ಕರೆಯಂತೆ ತರಿತರಿ. ಅದು ಹೊಸದು, ಕಲ್ಲಿನ ಏಟಿನದು. ಚೂರು ಅಲ್ಲಿಗೆ ಸರಿಯಾಗಿ ಕೂತಿತು. ಕ್ಲಚ್ ಬದಲಿಸಿದೆವು, ಗೇರುಗಳನ್ನು ಉಳಿಸಿಕೊಂಡೆವು. ಇಡೀ ಕೆಳಗಿನ ಯೂನಿಟ್ ಬದಲಿಸುವ ಸಲಹೆಯೂ ಅಲ್ಲಿಗೆ ಬಿತ್ತು.

ಡ್ರೈವ್ ಶಾಫ್ಟಿನ ಹಲ್ಲುಗಳು ನೆಟ್ಟಗಿದ್ದವು. ತಿರುಚಿಕೊಂಡಿದ್ದರೆ ಸ್ಕೇಲ್ ಇಟ್ಟು ನೋಡಿದಾಗಲೇ ಗೊತ್ತಾಗುತ್ತದೆ. ವಾಟರ್ ಪಂಪಿನ ರಬ್ಬರ್ ಚಕ್ರ ಕೆಸರಿಗೆ ಗೀರು ಬಿದ್ದಿತ್ತು. ಹೇಗೂ ಬಿಚ್ಚಿದ್ದೇವೆ, ಅದನ್ನೂ ಹೊಸದು ಹಾಕಿದೆವು.

ಹಗ್ಗ ಯಾಕೆ ವಾಪಸ್ ಎಳೆಯಿತು

ಈಗ ಸ್ಟಾರ್ಟಿಂಗ್ ತೊಂದರೆ. ಪ್ಲಗ್ ಹೊಸದು, ಕಾರ್ಬ್ಯುರೇಟರ್ ತೊಳೆದದ್ದು, ಎರಡೂ ಸಿಲಿಂಡರಿನ ಕಂಪ್ರೆಷನ್ ಸಮ. ಹಾಗಾದರೆ ಉಳಿದದ್ದು ಟೈಮಿಂಗ್. ಟೂವೀಲರ್ ಮೆಕ್ಯಾನಿಕ್ ಇದನ್ನು ಊಹಿಸದೆ ಇದ್ದದ್ದು ತಪ್ಪೇನಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಟೈಮಿಂಗ್ ತಾನಾಗಿ ಹೋಗುವುದು ಅಪರೂಪ. ಆದರೆ ಇಲ್ಲಿ ಕ್ರ್ಯಾಂಕ್ ಒಂದೇ ಏಟಿಗೆ ನಿಂತಿತ್ತು ಅನ್ನುವ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಪ್ರೊಪೆಲ್ಲರ್ ಬದಲಿಸಿ ಆಗಿದೆ, ಇದು ಬೇರೆ ತೊಂದರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಫ್ಲೈವೀಲನ್ನು ಬೆಂಗಳೂರಿನ ಗ್ಯಾರೇಜುಗಳಲ್ಲಿ ಮ್ಯಾಗ್ನೆಟ್ ಅಂತಾರೆ. ಮೇಲಿನ ನಟ್ ಬಿಚ್ಚಿ, ಮ್ಯಾಗ್ನೆಟ್ ಪುಲ್ಲರ್ ಹಾಕಿದೆ. ನಟ್ ಬಿಚ್ಚುವಾಗಲೇ ಅದು ಬೇಕಾದಷ್ಟು ಬಿಗಿ ಇಲ್ಲ ಅನ್ನಿಸಿತು. ಹಿಂದೆ ಯಾರೋ ಬಿಚ್ಚಿ ಟಾರ್ಕ್ ರೆಂಚ್ ಇಲ್ಲದೆ ಬಿಗಿದಿರಬೇಕು. ಕ್ರ್ಯಾಂಕಿನ ತುದಿ ಮೇಲಕ್ಕೆ ಸಣ್ಣಗಾಗುವ ಶಂಕುವಿನ ಆಕಾರದಲ್ಲಿರುತ್ತದೆ, ಫ್ಲೈವೀಲಿನ ತೂತೂ ಹಾಗೇ. ಎರಡೂ ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದಲೇ ಫ್ಲೈವೀಲ್ ಜಾರುವುದಿಲ್ಲ. ನಡುವೆ ಇರುವ ಅರ್ಧಚಂದ್ರದ ಕೀ ಸ್ಥಾನ ತೋರಿಸುವುದಕ್ಕೆ ಮಾತ್ರ, ಭಾರ ಹೊರುವುದಕ್ಕಲ್ಲ. ನಟ್ ಸಡಿಲವಿದ್ದರೆ ಭಾರವೆಲ್ಲ ಆ ಕೀ ಮೇಲೆ ಬೀಳುತ್ತದೆ.

ಕೀ ತೆಗೆದು ಬೆಳಕಿಗೆ ಹಿಡಿದೆ. ಪೂರ್ತಿ ತುಂಡಾಗಿರಲಿಲ್ಲ. ಮೇಲರ್ಧ ಕೆಳಗಿನರ್ಧಕ್ಕಿಂತ ಸ್ವಲ್ಪ ಮುಂದಕ್ಕೆ ಸರಿದು, ನಡುವೆ ಸಣ್ಣ ಮೆಟ್ಟಿಲು ಬಿದ್ದಿತ್ತು. ಉಗುರು ಸವರಿದರೆ ತಡೆಯುವಷ್ಟು. ಕ್ರ್ಯಾಂಕ್ ನಿಂತಾಗ ಭಾರದ ಫ್ಲೈವೀಲ್ ತನ್ನ ಓಟದಲ್ಲಿ ಇನ್ನಷ್ಟು ಮುಂದಕ್ಕೆ ತಿರುಗಿತ್ತು. ಹಾಗಾಗಿ ಅದರಲ್ಲಿರುವ ಅಯಸ್ಕಾಂತ ಕಾಯಿಲಿನ ಮುಂದೆ ಬರಬೇಕಾದ ಹೊತ್ತಿಗಿಂತ ಮುಂಚೆ ಬರುತ್ತಿತ್ತು, ಸ್ಪಾರ್ಕ್ ಬೇಗ ಆಗುತ್ತಿತ್ತು. ಪಿಸ್ಟನ್ ಇನ್ನೂ ಮೇಲೆ ಏರುತ್ತಿರುವಾಗಲೇ ಬೆಂಕಿ ಹತ್ತಿದರೆ ಅದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುವುದು ಅದಕ್ಕೇ.

ಇದು ಸುಮ್ನೆ ಸ್ಟಾರ್ಟಿಂಗ್ ತೊಂದರೆ ಅಲ್ಲ. ಮುಂಚೆ ಸ್ಪಾರ್ಕ್ ಆಗುವ ಟೂ ಸ್ಟ್ರೋಕನ್ನು ಪೂರ್ತಿ ಥ್ರಾಟಲಿನಲ್ಲಿ ಓಡಿಸುತ್ತಾ ಹೋದರೆ ಪಿಸ್ಟನ್ ತಲೆ ಸುಡುತ್ತದೆ. ಇನ್ನಷ್ಟು ದಿನ ಓಡಿಸಿದ್ದರೆ ಈ ಬರಹದಲ್ಲಿ ಇನ್ನೊಂದು ಅಧ್ಯಾಯ ಇರುತ್ತಿತ್ತು.

ಕ್ರ್ಯಾಂಕಿನ ತುದಿಗೂ ಗೇಜ್ ಹಿಡಿದೆವು, ನೆಟ್ಟಗಿತ್ತು. ಶಂಕುವಿನ ಮೇಲಿನ ಸಣ್ಣ ಗೀರನ್ನು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ನಯವಾಗಿ ಉಜ್ಜಿ, ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆದು, ಎಣ್ಣೆ ಪಸೆ ಇಲ್ಲದೆ ಒಣಗಿಸಿ, ಹೊಸ ಕೀ ಹಾಕಿ, ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ ಟಾರ್ಕಿಗೆ ನಟ್ ಬಿಗಿದೆ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಸರಿಯಾಗಿ ಕೂತಿತ್ತು. ಎರಡನೇ ಎಳೆತಕ್ಕೆ ಸ್ಟಾರ್ಟ್.

ಸ್ಕೆಗ್ ಬಗ್ಗೆ ಒಂದು ಜಗಳ

ಗುತ್ತಿಗೆದಾರರಿಗೆ ಸ್ಕೆಗ್ ಮೇಲೆ ದಪ್ಪ ಸ್ಟೀಲ್ ಪಟ್ಟಿ ಬೋಲ್ಟ್ ಮಾಡಿಸುವ ಆಸೆ. "ಇನ್ನೊಂದ್ಸಲ ಬಡಿದ್ರೂ ಏನೂ ಆಗ್ಬಾರ್ದು ಸರ್." ನಾನು ಒಪ್ಪಲಿಲ್ಲ. ಸ್ಕೆಗ್ ಮುರಿಯದಷ್ಟು ಗಟ್ಟಿಯಾದರೆ ಆ ಏಟು ಗೇರ್‌ಕೇಸಿಗೇ ಹೋಗುತ್ತದೆ. ತುದಿ ಮುರಿದರೆ ವೆಲ್ಡಿಂಗ್ ಖರ್ಚು, ಗೇರ್‌ಕೇಸ್ ಒಡೆದರೆ ಮೋಟರನ್ನೇ ಮರೆಯಬೇಕು. ಜೊತೆಗೆ ಸಿಹಿನೀರೇ ಆದರೂ ಸ್ಟೀಲ್, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನೀರಲ್ಲಿ ಕೂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕೊಳಚೆ ಸೇರುವ ನಮ್ಮ ಕೆರೆ ನೀರಿನಲ್ಲಂತೂ ಇನ್ನೂ ಬೇಗ.

ಮುರಿದ ತುದಿಗೆ ಅಲ್ಯೂಮಿನಿಯಂ ತುಂಡು ಸೇರಿಸಿ ಪೀಣ್ಯದಲ್ಲೇ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು. ಗೇರ್‌ಕೇಸ್ ಪೂರ್ತಿ ಖಾಲಿ ಇರುವಾಗಲೇ ಅದು ಆಗಬೇಕು. ಸೀಲ್ ಕೂರಿಸಿದ ಮೇಲೆ ವೆಲ್ಡ್ ಮಾಡಿದರೆ ಬಿಸಿಗೆ ಸೀಲ್ ಹೋಗುತ್ತದೆ. ಎಣ್ಣೆ ಹೀರಿದ ಎರಕದ ಅಲ್ಯೂಮಿನಿಯಂ ಮೇಲೆ ವೆಲ್ಡಿಂಗ್ ಸೂಜಿತೂತಿನಂತೆ ಗುಳ್ಳೆ ಬೀಳುತ್ತದೆ, ಅದಕ್ಕೆ ಮೊದಲು ಚೆನ್ನಾಗಿ ತೊಳೆದು ಬಿಸಿ ಮಾಡಿ ಪಸೆ ತೆಗೆಯಬೇಕು. ವೆಲ್ಡರ್‌ಗೆ ಇದೆಲ್ಲ ನಾನು ಹೇಳಬೇಕಾಗಲಿಲ್ಲ.

ನೀರಿಗೆ ಇಳಿಸಿದ್ದು

ಮೊದಲು ಶೆಡ್ಡಿನಲ್ಲಿ 200 ಲೀಟರ್ ಡ್ರಮ್ಮಿನಲ್ಲಿ ಓಡಿಸಿದೆವು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಬೇಕು, ಮೇಲಿನ ತೂತಿನಿಂದ ಹೊರಬರುವ ತನಕ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ. ಆಮೇಲೆ ಮೇಲಿನ ಪ್ಲಗ್ ಮೊದಲು, ಕೆಳಗಿನದು ಆಮೇಲೆ.

ಕೆರೆಯಲ್ಲಿ ನೋಡಬೇಕಿದ್ದದ್ದು ಸ್ಪೇರ್ ಪ್ರೊಪೆಲ್ಲರಿನ ಹಬ್ ಜಾರುತ್ತದಾ ಅನ್ನುವುದು. ಹಿತ್ತಾಳೆ ಬುಷ್‌ನಿಂದ ಹೊರಗಿನ ಅಲ್ಯೂಮಿನಿಯಂ ತನಕ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದು, ದಿಂಡು ಕಟ್ಟಿ ಜೋರಾಗಿ ಎಳೆಸಿದೆವು. ಎತ್ತಿ ನೋಡಿದರೆ ಗೆರೆ ಒಡೆದಿರಲಿಲ್ಲ. ಹಬ್ ಹಿಡಿದಿದೆ. ಇದು ಯಾವ ಉಪಕರಣವೂ ಬೇಡದ ಪರೀಕ್ಷೆ, ಬೋಟ್ ನಡೆಸುವವರಿಗೇ ಪೇಂಟ್ ಡಬ್ಬಿ ಕೊಟ್ಟು ಬಂದೆ.

ಖಾಲಿ ಬೋಟಿನ ವೇಗ ನೋಡಿ ಸೂಪರ್‌ವೈಸರ್, "ಮೊದಲಿನಷ್ಟು ಪಿಕಪ್ ಇಲ್ವಲ್ಲ ಸರ್" ಅಂದರು. ಮೊದಲು ಅಂದರೆ ಯಾವಾಗ ಅಂತ ಕೇಳಿದೆ. ಇದೇ ಮೋಟರನ್ನು ಅವರು ಕಾರವಾರದ ಕಡೆ ಇನ್ನೊಂದು ಕೆಲಸದಲ್ಲಿ ನೋಡಿದ್ದರಂತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಇಲ್ಲಿ ಯಾವ ಸಾದಾ ಎಂಜಿನ್ನಾದರೂ ಶೇ 10ರ ಆಸುಪಾಸು ಶಕ್ತಿ ಕಳೆದುಕೊಳ್ಳುತ್ತದೆ. ಎಳೆಯುವ ಕೆಲಸಕ್ಕೆ ಇಲ್ಲಿ ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವ) ಪ್ರೊಪೆಲ್ಲರ್ ಹಾಕಿದರೆ ಎಂಜಿನ್ನಿಗೆ ಹಗುರ. ಮುಂದಿನ ಸಲ ಪ್ರೊಪೆಲ್ಲರ್ ತರಿಸುವಾಗ ಅದನ್ನೇ ತರಿಸಿ ಅಂತ ಬರೆದುಕೊಟ್ಟೆ.

ಆ ಕಲ್ಲು ಯಾವುದು

ದಡದಲ್ಲಿ ವಾಕಿಂಗ್ ಬಂದಿದ್ದ ಒಬ್ಬ ಹಿರಿಯರು ನಮ್ಮನ್ನು ನೋಡಿ ನಿಂತರು. ಜಾಗ ತೋರಿಸಿದಾಗ ಅವರು ಕೇಳಿದ್ದು, "ಬೇಸಿಗೇಲಿ ನೀರುಕಾಗೆ ರೆಕ್ಕೆ ಒಣಗಿಸ್ಕೊಂಡು ಕೂತಿರುತ್ತಲ್ಲಪ್ಪ, ಆ ಕಲ್ಲಾ? ಅದು ತೂಬು."

ಬೆಂಗಳೂರಿನ ಕೆರೆಗಳು ತಾವಾಗಿ ಆದವಲ್ಲ, ಏರಿ ಕಟ್ಟಿ ಮಾಡಿದವು. ಗದ್ದೆಗೆ ನೀರು ಬಿಡಲು ಏರಿಯ ಒಳಬದಿಯಲ್ಲಿ ಕಲ್ಲುಕಂಬಗಳ ತೂಬು ಇರುತ್ತಿತ್ತು, ಅದನ್ನು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದರು. ಗದ್ದೆ ಹೋಗಿ ಲೇಔಟ್ ಬಂತು, ನೀರುಗಂಟಿಯ ಕೆಲಸ ಹೋಯಿತು, ಕಲ್ಲುಕಂಬ ಮಾತ್ರ ಉಳಿಯಿತು. ನದಿಯಲ್ಲಿ, ಸಮುದ್ರದಲ್ಲಿ ನೀರು ಇಳಿದಾಗ ತಳ ತಾಗುವ ಭಯ. ಇಲ್ಲಿ ಉಲ್ಟಾ. ನೀರು ಕಡಿಮೆ ಇದ್ದಾಗ ಕಂಬ ಕಾಣುತ್ತದೆ, ಸುತ್ತಿ ಹೋಗುತ್ತಾರೆ. ಮಳೆ ಬಂದು ಒಂದು ಮೊಳ ಏರಿದರೆ ಕಂಬದ ತಲೆ ಸರಿಯಾಗಿ ಪ್ರೊಪೆಲ್ಲರಿನ ಮಟ್ಟಕ್ಕೆ ಮುಳುಗುತ್ತದೆ. ಹಿಂದೆ ಬೋಟ್ ನಡೆಸುತ್ತಿದ್ದವರಿಗೆ ಇದು ಗೊತ್ತಿತ್ತು. ಅವರು ಬಿಟ್ಟು ಹೋಗುವಾಗ ಹೊಸಬರಿಗೆ ಬೋಟಿನ ಕೀಲಿ ಕೊಟ್ಟರು, ಕಲ್ಲಿನ ವಿಷಯ ಹೇಳಲಿಲ್ಲ.

ತೂಬಿನ ಕಲ್ಲು ಒಂದೇ ಅಲ್ಲ. ಗಣೇಶ ಬಿಟ್ಟ ಕೆರೆಗಳಲ್ಲಿ ಮರದ, ಕಬ್ಬಿಣದ ಚೌಕಟ್ಟು ಇರುತ್ತದೆ. ಪ್ರವಾಹದ ನೀರಿನಲ್ಲಿ ಬೋಟ್ ಓಡಿಸುವವರಿಗೆ ಇನ್ನೂ ಕಷ್ಟ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಬೋಟಿನಲ್ಲಿ ಜನರನ್ನು ಕರೆತರಬೇಕಾಯಿತು. ಬೀದಿಯಲ್ಲಿ ನೀರು ನಿಂತಾಗ ಅದರಡಿ ಡಿವೈಡರ್, ಕಾಂಪೌಂಡ್ ಗೋಡೆ, ನಿಲ್ಲಿಸಿದ ಬೈಕ್ ಎಲ್ಲ ಇರುತ್ತವೆ. ಅಲ್ಲಿ ಮೋಟರ್ ಎತ್ತಿಟ್ಟು ಹುಟ್ಟು ಹಾಕುವುದೇ ಎಷ್ಟೋ ಕಡೆ ಬೇಗದ ದಾರಿ.

ಹಿರಿಯರು ದಡದಿಂದ ಕೈ ತೋರಿಸುತ್ತಾ ಹೋದರು, ಬೋಟ್ ನಡೆಸುವವರು ಹುಟ್ಟು ಹಾಕಿ ಹೋಗಿ ಬಿದಿರಿನಿಂದ ಚುಚ್ಚಿ ನೋಡಿದರು. ಎರಡು ಕಂಬ ಸಿಕ್ಕಿದವು. ಒಂದು ನೆಟ್ಟಗಿತ್ತು, ಇನ್ನೊಂದು ಅಡ್ಡ ಬಿದ್ದಿತ್ತು. ಇಪ್ಪತ್ತು ಲೀಟರಿನ ಖಾಲಿ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿ, ನೈಲಾನ್ ಹಗ್ಗದಿಂದ ನೆಟ್ಟಗಿದ್ದ ಕಂಬಕ್ಕೆ ಬಿಗಿದೆವು. ಹಗ್ಗವನ್ನು ಉದ್ದ ಬಿಡದೆ ಗಿಡ್ಡ ಕಟ್ಟಿಸಿದೆ, ಸಡಿಲ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮತ್ತೆ ಸೀಲಿಗೇ ಕುತ್ತು.

ಹತ್ತು ಗಂಟೆ ಓಡಿದ ಮೇಲೆ ಎಣ್ಣೆ ಇಳಿಸಿ ನೋಡಲು ಹೇಳಿದ್ದೆ. ಬಾಟಲಿಯಲ್ಲಿ ಇಳಿಸಿ ಫೋಟೊ ಕಳಿಸಿದರು. ಎಣ್ಣೆ ಜೇನಿನ ಬಣ್ಣದಲ್ಲೇ ಇತ್ತು, ಪ್ಲಗ್ಗಿನ ಮೇಲೆ ತೆಳು ಬೂದು ಪೇಸ್ಟ್ ಬಿಟ್ಟರೆ ಏನೂ ಇಲ್ಲ. ಸ್ಕ್ರೂ ಹೊಡೆದ ಪ್ರೊಪೆಲ್ಲರನ್ನು ಮಾತ್ರ ನಾನು ವಾಪಸ್ ಕೊಡಲಿಲ್ಲ. ಕೊಟ್ಟರೆ ಒಂದಲ್ಲ ಒಂದು ದಿನ ಅದು ಮತ್ತೆ ಶಾಫ್ಟ್ ಹತ್ತುತ್ತದೆ ಅಂತ ಗೊತ್ತಿತ್ತು. ಹೊಸ ಹಬ್ ತರಿಸಿ, ಸ್ಕ್ರೂ ಕಿತ್ತು, ಮಡಚಿದ ರೆಕ್ಕೆ ತಟ್ಟಿ ಸರಿಮಾಡಿಸಿದರೆ ಅದೇ ಇವರ ಮುಂದಿನ ಸ್ಪೇರ್. ಹಬ್ ಇನ್ನೂ ಬರಬೇಕು.